ನಮ್ಮಪ್ಪನ ಕಣ

"ಅಯ್ಯನವರೇ, ದೇವರು ನಮ್ಮ ತಂದೆ, ಆತನೇ ಸಾಕುತ್ತಾನೆ ಎನ್ನುತ್ತೀರಿ. ಹಾಗಾದರೆ ಅನ್ನ ಮಾತ್ರ ಯಾಕೆ ಯಾವಾಗಲೂ ಗೌಡರ ಕೈಯಿಂದ, ಸಾಹುಕಾರರ ಕೈಯಿಂದಲೇ ಬರುತ್ತದೆ?"

ಕೇಳಿದವನು ದಯಾನಿಧಿ. ಕ್ರೈಸ್ತ ಸಭೆಯ ಬೋರ್ಡಿಂಗ್ ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳುತ್ತ, ತಾನೂ ಉಪದೇಶಿಯಾಗಬೇಕೆಂದು ಮುದುಕ ಸಮಾಧಾನಪ್ಪನವರ ಬಳಿ ಕಲಿಯುತ್ತಿದ್ದ. ಮರುದಿನ ಶಾಲೆಗೆ ಸಾಹುಕಾರರು ಬರುವವರಿದ್ದರು. ಮಕ್ಕಳ ವರ್ಷದ ಜೋಳ ಅವರ ಮನೆಯಿಂದಲೇ ಬರುತ್ತಿತ್ತು. ಅವರ ಮುಂದೆ ಓದಬೇಕಾದ ಬಿನ್ನವತ್ತಳೆ ದಯಾನಿಧಿಯ ಕೈಯಲ್ಲಿ ಅರ್ಧಕ್ಕೆ ನಿಂತಿತ್ತು. 'ನಮ್ಮ ತಾಯಿಯೂ ತಂದೆಯೂ ಅನ್ನದಾತರೂ ಆದ' ಎಂಬ ಮಾತು ಅದರಲ್ಲಿ ಇರಲೇಬೇಕೆಂದು ಸಾಹುಕಾರರ ಮನೆಯಿಂದ ಹೇಳಿ ಕಳಿಸಿದ್ದರು. ಬರೆದರೆ ಮನಸ್ಸು ಚುಚ್ಚುತ್ತದೆ. ಬರೆಯದಿದ್ದರೆ ಜೋಳ ನಿಲ್ಲುತ್ತದೆ.

ಸಮಾಧಾನಪ್ಪನವರು ಕಾಗದ ಇಸಿದುಕೊಂಡು ನೋಡಿದರು. ಹಾರಿಹೋಗದಂತೆ ಅದರ ಮೇಲೆ ತಮ್ಮ ಕನ್ನಡಕ ಇಟ್ಟರು. "ಅಕ್ಷರ ಚೆನ್ನಾಗಿದೆ. ಕೂತುಕೋ," ಎಂದು ಕತೆ ಶುರುಮಾಡಿದರು.

ಎರೆಭೂಮಿಯ ಒಂದು ಊರು. ಅಲ್ಲೊಬ್ಬ ಗೌಡ, ಅಲ್ಲೊಬ್ಬಳು ಜೋಳ ತೂರುವ ಹೆಂಗಸು. ಹೆಂಗಸಿಗೆ ಹೆಸರು ಬೇಕೆನ್ನುವೆಯಾದರೆ ಸಾರವ್ವ ಎನ್ನು. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳು ಚಿಕ್ಕವರು. ಎತ್ತುಗಳು ತುಳಿದು ತೆನೆಯಿಂದ ಜೋಳ ಬಿಡಿಸಿದ ಮೇಲೆ, ಮೊರ ಎತ್ತಿ ಗಾಳಿಗೆ ಹಿಡಿದು ಹೊಟ್ಟು ಹಾರಿಸುವುದು ಅವಳ ಕೆಲಸ. ಆ ಊರಿನಲ್ಲಿ ಅವಳಷ್ಟು ಚೊಕ್ಕವಾಗಿ ತೂರುವವರು ಇರಲಿಲ್ಲ. ಅವಳು ತೂರಿದ ರಾಶಿಯಲ್ಲಿ ಒಂದು ಹೊಟ್ಟು ಹುಡುಕಿ ತೋರಿಸಿದವರಿಗೆ ಗೌಡ ಪಟಗ ಸುತ್ತಿ ಮರ್ಯಾದೆ ಮಾಡುತ್ತೇನೆ ಎನ್ನುತ್ತಿದ್ದ. ಆ ಪಟಗ ಯಾರ ತಲೆಗೂ ಏರಲಿಲ್ಲ.

ಆ ಊರಿನ ಕಣದಲ್ಲಿ ಒಂದು ಪದ್ಧತಿ ಇತ್ತು. ಪದ್ಧತಿ ಎಂದರೆ ಹಿರಿಯರು ಮಾಡಿದ್ದು, ಯಾಕೆಂದು ಯಾರೂ ಕೇಳದ್ದು. ರಾಶಿಯಾದ ದಿನ ದುಡಿದವರೆಲ್ಲ ಸಾಲಾಗಿ ಬಂದು ರಾಶಿಯ ಮುಂದೆ ತಮ್ಮ ತಮ್ಮ ಬಟ್ಟೆ ಹಾಸಬೇಕು. ಹಾಸಿ, ಕೈಮುಗಿದು, "ನೀವೇ ತಾಯಿ, ನೀವೇ ತಂದೆ, ನೀವು ಹಾಕಿದ್ದು ಉಂಡೇವು" ಎನ್ನಬೇಕು. ಆಗ ಗೌಡ ಮೊರದಿಂದ ಸುರಿಯುತ್ತಾನೆ. ಕಣದಲ್ಲಿ ಜೋಳ ಬಿದ್ದಿರುವಾಗ ಹಾಸಿದ ಬಟ್ಟೆಯನ್ನು ಬರಿದಾಗಿ ಎತ್ತಿಸಬಾರದು. ಎತ್ತಿಸಿದರೆ ಮರುವರ್ಷ ಆ ಕಣಕ್ಕೆ ರಾಶಿ ಬೀಳುವುದಿಲ್ಲ ಎಂದು ನಂಬಿದ್ದರು. ಹಾಸಿದವರು ತಾವಾಗಿಯೇ ಎತ್ತಿಕೊಂಡು ಹೋದರೆ ಮಾತ್ರ ಗೌಡನಿಗೆ ದೋಷವಿಲ್ಲ. ಆದರೆ ಹೊಟ್ಟೆಗಿಲ್ಲದವರು ಹಾಸಿದ ಬಟ್ಟೆಯನ್ನು ಬರಿದಾಗಿ ಯಾಕೆ ಎತ್ತಿಕೊಂಡಾರು? ಹಾಗಾಗಿ ಆ ಮಾತು ನೆನಪಿಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಗೌಡ ಕೆಟ್ಟವನಲ್ಲ. ಅಳತೆಯಲ್ಲಿ ಮೋಸ ಮಾಡಿದವನಲ್ಲ. ಹೊಗಳಿಕೆಗೆ ಬಾಯಿ ಬಿಟ್ಟವನು, ಅಷ್ಟೆ. 'ನೀವೇ ತಂದೆ' ಎನ್ನುವ ಮಾತು ಕೇಳುವಾಗ ಅವನ ಮುಖ ನೋಡಬೇಕಿತ್ತು. ಹೆಂಗಸರು ಸೆರಗು ಮರೆಮಾಡಿಕೊಂಡು ನಗುತ್ತಿದ್ದರು.

ಆ ವರ್ಷ ಸಾರವ್ವ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದಳು. ಓದು ಬರದವಳು. ಅವಳಿಗೆ ಬಾಯಿಗೆ ಬಂದದ್ದು ಒಂದೇ ಪ್ರಾರ್ಥನೆ, ಅದು ಶುರುವಾಗುವುದೇ ತಂದೆ ಎಂಬ ಮಾತಿನಿಂದ. ದಿನಾ ಸಂಜೆ ಒಲೆ ಹಚ್ಚುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಅದನ್ನು ಹೇಳುತ್ತಿದ್ದಳು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳಿಗೆ, ಗಂಡನನ್ನೂ ಕಳೆದುಕೊಂಡವಳಿಗೆ, ಆ ಒಂದು ಮಾತು ಎಷ್ಟು ಸಿಹಿ ಎಂದು ನನಗೂ ನಿನಗೂ ತಿಳಿಯುವುದು ಕಷ್ಟ. ಅವಳು ಅದನ್ನು ಬಾಯಲ್ಲಿ ಇಟ್ಟುಕೊಂಡೇ ದಿನ ಕಳೆದಳು.

ಮೊದಲ ಕಣದ ರಾಶಿಯಾಯಿತು. ಸಾಲು ಬಂತು. ಸಾರವ್ವ ಬಟ್ಟೆ ಹಾಸಿದಳು, ಕೈಮುಗಿದಳು. ಮಾತು ಬರಲಿಲ್ಲ.

"ಯಾಕಬೇ, ನಾಲಿಗಿ ಬಿದ್ದೈತೇನು?" ಎಂದ ಗೌಡ.

"ಇಲ್ರೀ ಗೌಡ್ರ. ದುಡದೀನಿ, ಪಾಲು ಕೊಡ್ರಿ. ನೀವು ಹಿರ್ಯಾರು, ನಿಮಗ ಶರಣಂತೀನಿ. ಆದ್ರ ಅಪ್ಪ ಅಂತ ಅನ್ನೂದಿಲ್ರಿ. ನಮ್ಮಪ್ಪ ಬ್ಯಾರೆ ಅದಾನ."

ಸಾಲಿನಲ್ಲಿದ್ದವರು ಉಸಿರು ಹಿಡಿದರು. ಗೌಡ ಸಿಟ್ಟಾಗಲಿಲ್ಲ, ನಕ್ಕ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ಹಂಗಾರ ನಿಮ್ಮಪ್ಪನ ಕಣಕ್ಕ ಹೋಗಬೇ. ಅಲ್ಲೆ ಹಾಸು," ಎಂದ. ಎಲ್ಲರೂ ನಕ್ಕರು. ನಕ್ಕವರಲ್ಲಿ ಅವಳ ನೆರೆಮನೆಯ ಹುಲಿಗೆವ್ವನೂ ಇದ್ದಳು.

ಸಾರವ್ವನಿಗೆ ಮೈಯೆಲ್ಲ ಉರಿಯಿತು. ಬಗ್ಗಿ ಬಟ್ಟೆ ಎತ್ತಿಕೊಂಡಳು, ಝಾಡಿಸಿ ಹೆಗಲಿಗೆ ಹಾಕಿಕೊಂಡಳು, ತಲೆ ಎತ್ತಿಕೊಂಡು ಕಣದಿಂದ ಇಳಿದು ನಡೆದಳು. ನೋಡುವವರಿಗೆ ರಾಣಿ ಹೋದಂತೆ ಕಂಡಿತು. ನಾನೂ ಈ ಕತೆ ಮೊದಲ ಸಲ ಕೇಳಿದಾಗ ಇಲ್ಲಿ ಚಪ್ಪಾಳೆ ತಟ್ಟಬೇಕೆಂದುಕೊಂಡೆ. ತಪ್ಪು ಆದದ್ದು ಇಲ್ಲಿಯೇ.

ಮನೆಗೆ ಬಂದು ಅವಳು ಒಂದು ನಿಶ್ಚಯ ಮಾಡಿದಳು. ಗೌಡನ ಒಂದು ಕಾಳೂ ತನ್ನ ಮನೆ ಹೊಸ್ತಿಲು ದಾಟಬಾರದು. ಅವನಿಂದ ಏನೂ ಮುಟ್ಟದೆ ಬದುಕಿ ತೋರಿಸಬೇಕು. ತನ್ನಪ್ಪ ಸಾಕುತ್ತಾನೋ ಇಲ್ಲವೋ ಊರು ಕಣ್ಣುಬಿಟ್ಟು ನೋಡಲಿ.

ಮೊದಲ ದಿನ ಹೊಲದ ಬದುವಿನ ಸೊಪ್ಪು ಕಿತ್ತು ತಂದಳು. ಆಮೇಲೆ ನೆನಪಾಯಿತು, ಬದು ಗೌಡನದು. ಸೊಪ್ಪು ಚೆಲ್ಲಿ ಹಳ್ಳದ ದಂಡೆಗೆ ಹೋದಳು. ಬಾವಿ ಗೌಡನ ಅಜ್ಜ ತೋಡಿಸಿದ್ದು. ಹಳ್ಳದ ಮರಳು ಬಗೆದು ವರತಿ ತೋಡಿ, ಚಿಪ್ಪಿನಲ್ಲಿ ಗೋರಿ ಕೊಡ ತುಂಬಿಸಿದಳು. ಬೇಲಿಯ ಬಾರೆಹಣ್ಣು ಆರಿಸಿದಳು. ಊರಿನಲ್ಲಿ ಯಾವುದು ಗೌಡನದು, ಯಾವುದು ಅಲ್ಲ ಎಂದು ಅವಳಷ್ಟು ಶ್ರದ್ಧೆಯಿಂದ ಗೌಡನೂ ಲೆಕ್ಕ ಹಾಕಿರಲಿಲ್ಲ.

ಮಕ್ಕಳು ಮೊದಲು ಬಾರೆಹಣ್ಣಿಗೆ ಕುಣಿದರು. ನಾಲ್ಕನೆಯ ದಿನ ಕುಣಿಯಲಿಲ್ಲ. ಆರನೆಯ ದಿನ ದೊಡ್ಡವಳು ಕೊಡ ಎತ್ತಲಾರದೆ ಹಳ್ಳದಲ್ಲೇ ಕೂತುಬಿಟ್ಟಳು. ಸಂಜೆಯ ಪ್ರಾರ್ಥನೆಯನ್ನು ಸಾರವ್ವ ಬಿಡಲಿಲ್ಲ. ಆದರೆ ಈಗ ಅವಳ ಪ್ರಾರ್ಥನೆ ಬೇಡುವವಳ ಹಾಗೆ ಇರಲಿಲ್ಲ, ಪಂಚಾಯಿತಿಗೆ ಕರೆದವಳ ಹಾಗೆ ಇತ್ತು. 'ನಿನ್ನ ಮಾತಿಗಾಗಿ ನಾನು ಎದ್ದು ಬಂದಿದ್ದೇನೆ. ಎಲ್ಲಿ ನಿನ್ನ ಕಣ?' ಎಂದು ಕೇಳುತ್ತಿದ್ದಳು. ಮೇಲಿನಿಂದ ಉತ್ತರ ಬರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಹಸಿವಿಗಿಂತ ದೊಡ್ಡ ಹೆದರಿಕೆ ಅದು. ತಾನು ಅಪ್ಪ ಎಂದು ಕರೆದದ್ದು ಬರೀ ಗಾಳಿಯನ್ನೋ ಎಂದು.

ಏಳನೆಯ ದಿನ ಹುಲಿಗೆವ್ವ ನಾಲ್ಕು ಬಿಸಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಳು. ನಕ್ಕದ್ದು ಅವಳಿಗೆ ಏಳು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಯಾರ ಜ್ವಾಳದವು?" ಎಂದಳು ಸಾರವ್ವ.

"ಯಾರದಂದ್ರ? ಗೌಡನ ಕಣದ್ದು."

ಸಾರವ್ವ ಗಂಟನ್ನು ಹಿಂದಕ್ಕೆ ತಳ್ಳಿದಳು. ಚಿಕ್ಕ ಮಗಳು ಆ ಗಂಟನ್ನೇ ನೋಡುತ್ತಿದ್ದಳು. ಹುಲಿಗೆವ್ವನಿಗೆ ತಡೆಯಲಾಗಲಿಲ್ಲ. ಅವಳು ಸಭೆಗೆ ಸೇರಿದವಳಲ್ಲ, ಪ್ರಾರ್ಥನೆ ಗೊತ್ತಿದ್ದವಳಲ್ಲ. ಆದರೆ ಬಾಯಿ ಇದ್ದವಳು.

"ಏ ಸಾರವ್ವ, ನಿಮ್ಮಪ್ಪ ಭೂಮಿ ಆಕಾಶ ಎಲ್ಲಾ ಮಾಡ್ಯಾನಂತ ನೀನ ಹೇಳತಿದ್ದಿ. ಜ್ವಾಳ ಯಾರು ಮಾಡ್ಯಾರ? ಗೌಡ ಮಾಡ್ಯಾನೇನು? ಗಾಳಿ ಯಾರದು? ಗೌಡಂದೇನು? ನಿಮ್ಮಪ್ಪಗ ಬರೇ ಬಾರಿಹಣ್ಣು ಬಿಟ್ಟು, ಉಳದದ್ದೆಲ್ಲಾ ಗೌಡಗ ಬರದುಕೊಟ್ಟಿ. ನಾವು 'ನೀವ ತಂದೆ' ಅಂತೀವಿ, ಬಾಯಿಲೆ ಅಂತೀವಿ, ಮನಿಗಿ ಬಂದು ನಗತೀವಿ. ನೀ ಬಾಯಿಲೆ ಅನಲಿಲ್ಲ. ಎಲ್ಲಾ ಗೌಡಂದ ಅಂತ ನೀನ ಖರೇನ ನಂಬಿದಿ ನೋಡು."

ಹೇಳಿ ರೊಟ್ಟಿ ಅಲ್ಲೇ ಬಿಟ್ಟು ಎದ್ದು ಹೋದಳು.

ಸಾರವ್ವನಿಗೆ ನಾಚಿಕೆಯಾಯಿತು. ಆಮೇಲೆ ನಗು ಬಂತು. ಆಮೇಲೆ ಸಿಟ್ಟು ಬಂತು, ಈ ಸಲ ಸರಿಯಾದ ಸಿಟ್ಟು. ತಾನು ಅಪ್ಪನ ಮನೆಯಲ್ಲೇ ನಿಂತುಕೊಂಡು ಅಪ್ಪನ ಮನೆ ಎಲ್ಲಿ ಎಂದು ಕೂಗುತ್ತಿದ್ದಳಲ್ಲ! ಆ ದಿನ ರಾಶಿಯ ಮುಂದೆ ಹಾಸಿದ ಬಟ್ಟೆಯನ್ನು ಎತ್ತಿಕೊಂಡವಳು ತಾನೇ. ಯಾರೂ ಎತ್ತಿಸಿರಲಿಲ್ಲ. ಅಪ್ಪ ಬಡಿಸಿದ ಎಲೆಯ ಮುಂದಿನಿಂದ ಎದ್ದು ಬಂದು, ಅಪ್ಪ ಉಣ್ಣಲು ಹಾಕಲಿಲ್ಲ ಎಂದು ಅತ್ತಿದ್ದಳು.

ರೊಟ್ಟಿ ಮುರಿದು ಮಕ್ಕಳಿಗೆ ಕೊಟ್ಟಳು. ತಾನೂ ತಿಂದಳು. ತಿನ್ನುವ ಮೊದಲು ಪ್ರಾರ್ಥನೆ ಹೇಳಿದಳು, ಏಳು ದಿನದಲ್ಲಿ ಮೊದಲ ಸಲ ಮಗಳ ಹಾಗೆ ಹೇಳಿದಳು. ಆಮೇಲೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಗೌಡನ ಎರಡನೆಯ ಕಣಕ್ಕೆ ನಡೆದಳು.

ಎರಡನೆಯ ಕಣ ದೊಡ್ಡದು. ಊರ ಹಿರಿಹೊಲದ ಜೋಳವೆಲ್ಲ ತುಳಿದು ಮುಗಿದಿತ್ತು. ಕಾಳೂ ಹೊಟ್ಟೂ ಕೂಡಿಕೊಂಡು ಗುಡ್ಡೆ ಬಿದ್ದಿತ್ತು. ತೂರುವ ಹೆಂಗಸರು ಮೊರ ಹಿಡಿದು ಕೂತಿದ್ದರು. ಮೂರು ದಿನದಿಂದ ಗಾಳಿ ಇರಲಿಲ್ಲ. ಮೂಡಲಲ್ಲಿ ಅಕಾಲದ ಮೋಡ ಕಟ್ಟುತ್ತಿತ್ತು. ನೀರು ಬಿದ್ದರೆ ಜೋಳ ಕಪ್ಪಾಗಿ ಮೊಳಕೆ ಒಡೆದು ದನಕ್ಕೂ ಬೇಡವಾಗುತ್ತದೆ. ಗೌಡ ಶಲ್ಯದ ತುದಿ ಎತ್ತಿ ಹಿಡಿದು ಅದು ಅಲುಗಾಡುತ್ತದೆಯೇ ಎಂದು ನೋಡುತ್ತಿದ್ದ. ಊರಿಗೆಲ್ಲ ತಂದೆ, ಪಾಪ, ಒಂದು ಶಲ್ಯ ಅಲುಗಾಡಿಸಲಾರದೆ ನಿಂತಿದ್ದ.

ಸಾರವ್ವ ಗುಡ್ಡೆಯ ಮುಂದೆ ಹೋಗಿ ಬಟ್ಟೆ ಹಾಸಿದಳು.

ಗೌಡನಿಗೆ ಆ ಕಷ್ಟದಲ್ಲೂ ಖುಷಿಯಾಯಿತು. ಸೋತು ಬಂದಿದ್ದಾಳೆ ಎಂದುಕೊಂಡ. "ಬಂದೀ? ಯಾಕಬೇ, ನಿಮ್ಮಪ್ಪನ ಕಣಕ್ಕ ಹೋಗಲಿಲ್ಲೇನು?" ಎಂದ.

"ನಮ್ಮಪ್ಪನ ಕಣಕ್ಕ ಬಂದೀನ್ರಿ," ಎಂದಳು ಸಾರವ್ವ.

ಈ ಸಲ ಯಾರೂ ನಗಲಿಲ್ಲ.

"ಜ್ವಾಳ ಆತಂದು, ಗಾಳಿ ಆತಂದು, ಭೂಮಿ ಆತಂದು. ನೀವು ಬಿತ್ತೀರಿ, ಕಾಯ್ದೀರಿ. ನಾನು ತೂರೀನಿ. ಇಬ್ಬರೂ ಆತನ ಮನ್ಯಾಗ ದುಡಿಯಾವರ. ನನಗಂತ ಆತ ನಿಮ್ಮ ಕೈಯಾಗ ಕೊಟ್ಟಿದ್ದು ಏಳು ದಿನದಿಂದ ನಿಮ್ಮಲ್ಲೆ ಐತಿ. ಹಾಕ್ರಿ. ಈ ಬಟ್ಟಿ ಈ ಸಲ ನಾ ಎತ್ತೂದಿಲ್ಲ."

ಗೌಡನ ಕುತ್ತಿಗೆಯ ನರ ಉಬ್ಬಿತು. ಗೌಡನ ಮುಖದ ಮೇಲೆ ಯಾರೂ ಹೀಗೆ ಮಾತಾಡಿರಲಿಲ್ಲ, ಅದೂ ಅವನ ಕಣದಲ್ಲಿ, ಅವನ ಆಳುಗಳ ಮುಂದೆ. ಅವನು ಆಕಾಶ ತೋರಿಸಿ ಕೂಗಿದ: "ಗಾಳಿ ನಿಮ್ಮಪ್ಪಂದಾದ್ರ ಕರಿಯಬೇ ನೋಡೂನು! ಈಗ ಕರಿ! ಬಂದ್ರ ಈ ಗುಡ್ಡಿಯೆಲ್ಲಾ ನಿಂದು!"

"ನಮ್ಮಪ್ಪ ನನ್ನ ಆಳಲ್ರೀ, ಕರದ ಕೂಡ್ಲೆ ಓಡಿ ಬರಾಕ," ಎಂದಳು ಅವಳು. "ಆತ ಕೊಟ್ಟಾಗ ತೂರತೀನಿ."

ಈಗ ಗಾಳಿ ಬೀಸಿತು ಎಂದು ನಾನು ಹೇಳಿದರೆ ನಿನಗೆ ಸಂತೋಷವಾಗುತ್ತಿತ್ತು, ದಯಾನಿಧಿ. ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ. ಬೀಸಲಿಲ್ಲ. ಒಂದು ಹೊಟ್ಟೂ ಅಲುಗಲಿಲ್ಲ. ಸಾರವ್ವ ಬಟ್ಟೆಯ ಪಕ್ಕದಲ್ಲಿ ಕೂತಳು, ಅಷ್ಟೆ. ಬಿಸಿಲು ಏರಿತು, ಇಳಿಯಿತು. ಆಳುಗಳು ಗೌಡನ ಮುಖ ನೋಡಿದರು. ಅವಳನ್ನು ಎಳೆದು ಹಾಕಿ ಎನ್ನಲು ಅವನ ಬಾಯಿಗೆ ಬಂದಿತ್ತು. ಆದರೆ ಬಟ್ಟೆ ಹಾಸಿತ್ತು, ಕಣದಲ್ಲಿ ಜೋಳವಿತ್ತು. ಸಾರವ್ವ ಆ ನಂಬಿಕೆ ಬಿಟ್ಟವಳು. ಗೌಡ ಬಿಟ್ಟವನಲ್ಲ. ಅವಳ ಬಟ್ಟೆ ಸುತ್ತುಹಾಕಿ ಅವನು ಹತ್ತು ಸಲ ಓಡಾಡಿದ. ಅದರ ಅಂಚು ತುಳಿಯುವ ಧೈರ್ಯವಾಗಲಿಲ್ಲ.

ಅವಳಿಗೂ ಹೆದರಿಕೆ ಇರಲಿಲ್ಲವೆಂದಲ್ಲ. ಈ ಮಾತಿನ ಮೇಲೆ ಗೌಡ ಇಡೀ ವರ್ಷ ಕೆಲಸಕ್ಕೆ ಕರೆಯದಿದ್ದರೆ ಎರಡು ಮಕ್ಕಳ ಗತಿ ಏನೆಂದು ಅವಳಿಗೆ ಗೊತ್ತಿತ್ತು. ಆದರೂ ಏಳು ದಿನ ಮನೆಯಲ್ಲಿ ಕೂತು ಹೆದರಿದ ಹೆದರಿಕೆ ಈಗ ಇರಲಿಲ್ಲ. ಅಪ್ಪ ಇದ್ದಾನೋ ಇಲ್ಲವೋ ಎಂಬ ಹೆದರಿಕೆ ಹೋಗಿತ್ತು. ಉಳಿದದ್ದು ಗೌಡನ ಹೆದರಿಕೆ. ಅದು ಚಿಕ್ಕದು.

ಹೊತ್ತು ಇಳಿಯುವಾಗ ಹುಲಿಗೆವ್ವ ಎದ್ದಳು. ಮೊರ ಕೆಳಗಿಟ್ಟು, ತನ್ನ ಬಟ್ಟೆ ತಂದು ಸಾರವ್ವನ ಬಟ್ಟೆಯ ಪಕ್ಕದಲ್ಲಿ ಹಾಸಿ ಕೂತಳು. ಕೈಮುಗಿಯಲಿಲ್ಲ, ಏನೂ ಅನ್ನಲಿಲ್ಲ. ಅಷ್ಟು ಬಾಯಿ ಇದ್ದವಳು ಬಾಯಿ ಮುಚ್ಚಿಕೊಂಡು ಕೂತದ್ದನ್ನು ಕಂಡು ಗೌಡ ನಿಜವಾಗಿ ಅಳುಕಿದ. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಇಬ್ಬರು. ಗುಡ್ಡೆಯ ಸುತ್ತ ಬಟ್ಟೆಗಳು ಹರಡಿಕೊಂಡವು. ಯಾರ ಬಾಯಲ್ಲೂ 'ನೀವೇ ತಂದೆ' ಎಂಬ ಮಾತು ಬರಲಿಲ್ಲ.

ಗಾಳಿ ಬಂದದ್ದು ಮರುದಿನ, ಹೊತ್ತು ಮೇಲೇರಿದ ಮೇಲೆ. ಎಲ್ಲ ವರ್ಷವೂ ಬರುವ ಪಡುವಣ ಗಾಳಿಯೇ. ಯಾರು ಕರೆದದ್ದೂ ಅಲ್ಲ. ಕೊಬ್ಬಿದವನ ಶಲ್ಯಕ್ಕೂ ಬೀಸಿತು, ಹಸಿದವಳ ಸೆರಗಿಗೂ ಬೀಸಿತು. ಮೋಡ ಮಾತ್ರ ಇನ್ನೂ ಮೂಡಲಲ್ಲೇ ನಿಂತಿತ್ತು.

"ಏಳ್ರಬೇ, ತೂರ್ರಿ! ಗಾಳಿ ನಿಂತು ಹೋಗತೈತಿ!" ಎಂದು ಗೌಡ ಕೂಗಿದ.

ಯಾರೂ ಏಳಲಿಲ್ಲ. ಹುಲಿಗೆವ್ವ ಕೂತಲ್ಲಿಂದಲೇ ಹೇಳಿದಳು: "ಗೌಡ್ರ, ಆಕಿ ಬಟ್ಟಿ ಬರಿದೈತ್ರಿ. ಬರಿ ಬಟ್ಟಿ ಮುಂದ ಇಟಗೊಂಡು ಯಾರು ತೂರತಾರ?"

ಗೌಡ ಮೋಡ ನೋಡಿದ, ಗುಡ್ಡೆ ನೋಡಿದ, ಹಾರುತ್ತಿದ್ದ ತನ್ನ ಶಲ್ಯ ನೋಡಿದ. ಕಣದ ಗುಡಿಸಲಲ್ಲಿ ಆಳುಗಳ ರೊಟ್ಟಿಗೆಂದು ಹಿಂದಿನ ರಾಶಿಯ ಒಂದು ಚೀಲ ಇಟ್ಟಿದ್ದ. ಯಾರಿಗೂ ಹೇಳದೆ ತಾನೇ ಹೋದ. ಚೀಲ ಬೆನ್ನಮೇಲೆ ಹೊತ್ತು ತಂದ. ಹುಟ್ಟಿದಾರಭ್ಯ ಭಾರ ಹೊತ್ತವನಲ್ಲ, ಎರಡು ಸಲ ಮುಗ್ಗರಿಸಿದ. ಚೀಲದ ಬಾಯಿ ಬಿಚ್ಚಿ, ಮೊರ ತುಂಬಿ ಸಾರವ್ವನ ಬಟ್ಟೆಗೆ ಸುರಿದ. ಮೊದಲ ಕಣದಲ್ಲಿ ಅವಳಿಗೆ ಬರಬೇಕಿದ್ದ ಪಾಲು ಪೂರ್ತಿ ಸುರಿದ.

ಸುರಿದು ಮುಗಿದ ಮೇಲೂ ಗೌಡ ಹೋಗಲಿಲ್ಲ. ಮೊರ ಹಿಡಿದುಕೊಂಡು ನಿಂತ. ಇಷ್ಟು ವರ್ಷ ಸುರಿದಾಗಲೆಲ್ಲ ಒಂದು ಮಾತು ಕೇಳಿದ ಕಿವಿ, ಬರಿದಾಗಿ ಹೋಗಲು ಒಪ್ಪಲಿಲ್ಲ. ಕಡೆಗೆ ಮೆಲ್ಲಗೆ, ಉಳಿದವರಿಗೆ ಕೇಳದ ಹಾಗೆ, "ಏನಾರ ಅನ್ನಬೇ," ಎಂದ.

ಸಾರವ್ವ ಎದ್ದು ನಿಂತಳು. ಅವನ ಮುಖವನ್ನು ನೇರವಾಗಿ ನೋಡಿದಳು. ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿಯಬೇಕೆಂದೇನೂ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮಪ್ಪ ನಿಮಗೂ ಉಣ್ಣಾಕ ಕೊಡಲಿ ರೀ, ಗೌಡ್ರ."

ಆಮೇಲೆ ಮೊರ ಎತ್ತಿ ಗಾಳಿಗೆ ಹಿಡಿದು ನಿಂತಳು. ಮೋಡ ಒಡೆಯುವ ಮೊದಲು ಕಣ ಚೊಕ್ಕವಾಯಿತು.

ಸಮಾಧಾನಪ್ಪನವರು ಕತೆ ನಿಲ್ಲಿಸಿದರು. ಕನ್ನಡಕ ಎತ್ತಿಕೊಂಡು, ಒರೆಸಿ, ಹಾಕಿಕೊಂಡರು. ಅರ್ಧ ಬರೆದ ಕಾಗದವನ್ನು ದಯಾನಿಧಿಯ ಕಡೆ ಸರಿಸಿದರು.

ದಯಾನಿಧಿ ಅದನ್ನು ಮುಟ್ಟಲಿಲ್ಲ. "ಅಯ್ಯನವರೇ, ಅವಳಿಗೆ ಇಬ್ಬರು ಮಕ್ಕಳು. ನನ್ನ ಹಿಂದೆ ನಲವತ್ತು ಮಂದಿ ಇದ್ದಾರೆ. ನಾಳೆ ಸಾಹುಕಾರರು ಮುನಿಸಿಕೊಂಡು ಎದ್ದು ಹೋದರೆ?" ಎಂದ.

ಮುದುಕರು ಲೇಖನಿ ಎತ್ತಿ ಅವನ ಕೈಗೆ ಕೊಟ್ಟರು.

"ನಿನ್ನ ಸಾಹುಕಾರನೂ ನಮ್ಮಪ್ಪನ ಜೋಳವನ್ನೇ ಉಣ್ಣುತ್ತಾನೆ, ತಮ್ಮಾ, ಪಾಪ, ಅದನ್ನು ಅವನಿಗೆ ಇದುವರೆಗೆ ಯಾರು ಓದಿ ಹೇಳಿದ್ದಾರೆ?"